ಹಾಯಿದೋಣಿಯ ದಿನವಹಿ

ಸಮುದ್ರಯಾನವೆಂದೊಡನೆಯೇ ನಮ್ಮಲ್ಲಿ ಅನೇಕರ ಮನಸ್ಸಿಗೆ ಬರುವುದು ಬಿರುಗಾಳಿ, ಬೆಟ್ಟದೆತ್ತರದ ತೆರೆ, ಬಂಡೆಗೆ ತಾಗಿ ಒಡೆದ ಹಡಗು, ಇವುಗಳ ಚಿತ್ರ. ಇದು ಸಹಜವೇ. ಮೈಸೂರು ಸೀಮೆಯ ಒಳನಾಡಿನವರಾದ ನಮಗೆ ಕಡಲಿನ ಪರಿಚಯವಾದದ್ದು ಬಹುಮಟ್ಟಿಗೆ ಪುಸ್ತಕಗಳಿಂದ. ಮಂಗಳೂರಿನಲ್ಲಿಯೋ ಕಾರವಾರದಲ್ಲಿಯೋ ಮರಳಿನ ಮೇಲೆ ನಿಂತು, ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು, ತೆರೆಯೊಂದು ಬಂದು ಪಾದವನ್ನು ನೆನೆಸಿದ ಕೂಡಲೆ ಹಿಂದಕ್ಕೆ ಸರಿದವರು ನಾವು. ಇಂತಹ ನಾವು ಸಾಗರವನ್ನು ದಾಟುವ ಮಾತನ್ನು ಆಡಹೊರಟಿರುವುದು ಸಾಹಸವೇ ಸರಿ.

ಆದರೆ ಈ ಸಂಜೆ ನಾವು ಹೇಳಬೇಕೆಂದಿರುವುದು ಬಿರುಗಾಳಿಯ ಕಥೆಯನ್ನಲ್ಲ. ಮೂವತ್ತು ಮೂವತ್ತೈದು ಅಡಿಯ ಹಾಯಿದೋಣಿಯಲ್ಲಿ ಮಹಾಸಾಗರವನ್ನು ದಾಟುವವನು ಬೆಳಗಾದರೆ ಏನು ಮಾಡುತ್ತಾನೆ? ಏನನ್ನು ಉಣ್ಣುತ್ತಾನೆ? ಯಾವಾಗ ನಿದ್ರಿಸುತ್ತಾನೆ? ಹೊತ್ತು ಮುಳುಗಿದ ಮೇಲೆ ಯಾರೊಡನೆ ಮಾತನಾಡುತ್ತಾನೆ? ಬಿರುಗಾಳಿಯು ಎಂದೋ ಒಂದು ದಿನ ಬರತಕ್ಕದ್ದು, ಬಾರದೆಯೂ ಇರಬಹುದು. ಆದರೆ ಬೆಳಗು ಎಂಬುದು ದಿನವೂ ಬರುತ್ತದೆ. ಸಾಗರವನ್ನು ದಾಟುವ ವಿದ್ಯೆಯು ಆ ದಿನದ ದಿನದ ಬೆಳಗಿನಲ್ಲಿಯೇ ಅಡಗಿದೆಯೆಂದು ನಾವು ಓದಿದುದರಿಂದ ನಮಗೆ ತೋರಿರುವುದರಿಂದ, ಆ ವಿಚಾರವನ್ನೇ ನಿಮ್ಮ ಮುಂದೆ ಇಡುತ್ತೇವೆ.

ಮೊದಲು ಅಳತೆಯನ್ನು ತಿಳಿದುಕೊಳ್ಳೋಣ. ಇಂತಹ ದೋಣಿಯು ಒಳ್ಳೆಯ ಗಾಳಿಯಲ್ಲಿ ಗಂಟೆಗೆ ಐದಾರು ಮೈಲಿ ಸಾಗುತ್ತದೆ. ಚುರುಕಾಗಿ ಓಡಬಲ್ಲ ಹುಡುಗನೊಬ್ಬನು ಅದನ್ನು ಹಿಂದಿಕ್ಕಿಯಾನು. ಆದರೆ ಹುಡುಗನಿಗೆ ಆಯಾಸವಾಗುತ್ತದೆ; ದೋಣಿಗೆ ಆಯಾಸವಿಲ್ಲ. ಗಾಳಿಯಿರುವವರೆಗೆ ಹಗಲೂ ಇರುಳೂ ನಡೆಯುತ್ತಲೇ ಇರುತ್ತದೆ. ಹೀಗಾಗಿ ದಿನವೊಂದಕ್ಕೆ ನೂರರಿಂದ ನೂರೈವತ್ತು ಮೈಲಿಗಳ ದಾರಿಯನ್ನು ಅದು ಕ್ರಮಿಸಬಲ್ಲುದು. ಆಫ್ರಿಕದ ಪಶ್ಚಿಮಕ್ಕಿರುವ ಕೆನರಿ ದ್ವೀಪಗಳಿಂದ ವೆಸ್ಟ್ ಇಂಡೀಸಿನ ಬಾರ್ಬಡೋಸಿಗೆ ಸುಮಾರು ೨,೭೦೦ ನಾವಿಕ ಮೈಲಿಗಳು. ವಾಣಿಜ್ಯ ಮಾರುತಗಳು ಅನುಕೂಲವಾಗಿದ್ದರೆ ಮೂರು ನಾಲ್ಕು ವಾರಗಳ ಪಯಣ. ಆ ಮೂರು ನಾಲ್ಕು ವಾರಗಳಲ್ಲಿ ನೆಲವು ಕಣ್ಣಿಗೆ ಬೀಳುವುದಿಲ್ಲ. ಸುತ್ತಲೂ ಬಳೆಯಂತಹ ದಿಗಂತ, ನಡುವೆ ದೋಣಿ. ಎಷ್ಟು ನಡೆದರೂ ಆ ಬಳೆಯ ನಡುವೆಯೇ ಇದ್ದಂತೆ ತೋರುವುದು.

ಈ ಬಗೆಯ ಬಾಳನ್ನು ಒಬ್ಬಂಟಿಗನಾಗಿ ಬಾಳಿ, ಅದರ ವೃತ್ತಾಂತವನ್ನು ಬರೆದಿಟ್ಟವರಲ್ಲಿ ಮೊದಲಿಗನೆಂದು ಹೇಳಬಹುದಾದವನು ಜೋಷುವಾ ಸ್ಲೋಕಂ ಎಂಬ ನಾವಿಕ. ೧೮೪೪ರಲ್ಲಿ ನೋವಾ ಸ್ಕೋಷಿಯದಲ್ಲಿ ಹುಟ್ಟಿ, ಅಮೆರಿಕದ ಪ್ರಜೆಯಾಗಿ, ದೊಡ್ಡ ದೊಡ್ಡ ಹಾಯಿಹಡಗುಗಳ ಕಪ್ತಾನನಾಗಿ ದುಡಿದವನು. ಉಗಿಹಡಗುಗಳು ಬಂದು ಹಾಯಿಯ ಕಾಲವು ಇಳಿಮುಖವಾದಾಗ ಈತನಿಗೆ ಕೆಲಸವಿಲ್ಲದೆ ಹೋಯಿತು. ಆಗ ಪರಿಚಿತನೊಬ್ಬನು ಈತನಿಗೆ ಹಡಗೊಂದನ್ನು ಕೊಡುವೆನೆಂದನು. ಹೋಗಿ ನೋಡಿದರೆ ಅದು ಫೇರ್‌ಹೇವನ್ ಎಂಬ ಊರಿನ ಹೊಲವೊಂದರಲ್ಲಿ ಊರೆಗೋಲುಗಳ ಮೇಲೆ ನಿಂತಿದ್ದ ಮುದಿ ದೋಣಿ. ಹೆಸರು ‘ಸ್ಪ್ರೇ’, ಎಂದರೆ ತುಂತುರು. ಸ್ಲೋಕಮನು ನಗಲಿಲ್ಲ, ಮುನಿಯಲಿಲ್ಲ. ಹಲಗೆಗೆ ಹಲಗೆ, ತೊಲೆಗೆ ತೊಲೆ ಬದಲಾಯಿಸುತ್ತಾ ಹದಿಮೂರು ತಿಂಗಳು ಸ್ವತಃ ದುಡಿದು, ೫೫೩ ಡಾಲರು ೬೨ ಸೆಂಟುಗಳ ವೆಚ್ಚದಲ್ಲಿ ಅದನ್ನು ಹೊಸದಾಗಿಸಿದನು. ಉದ್ದ ೩೬ ಅಡಿ ೯ ಅಂಗುಲ. ಅಗಲ ೧೪ ಅಡಿ ೨ ಅಂಗುಲ. ಸಾಧಾರಣ ಸಂಸಾರಿಯ ಹಜಾರಕ್ಕೆ ಅಡಿಗೆಯ ಮನೆಯೊಂದನ್ನು ಸೇರಿಸಿದರೆ ಎಷ್ಟಾಗುವುದೋ ಹೆಚ್ಚುಕಡಿಮೆ ಅಷ್ಟು. ೧೮೯೫ರ ಏಪ್ರಿಲ್ ೨೪ರಂದು, ತನ್ನ ಐವತ್ತೊಂದನೆಯ ವಯಸ್ಸಿನಲ್ಲಿ, ಆತನು ಬಾಸ್ಟನ್ ಬಂದರನ್ನು ಬಿಟ್ಟನು. ೧೮೯೮ರ ಜೂನ್ ೨೭ರಂದು ನ್ಯೂಪೋರ್ಟ್ ಬಂದರನ್ನು ಸೇರಿದನು. ನಡುವೆ ಸುತ್ತಿದ್ದು ೪೬,೦೦೦ ಮೈಲಿಗೂ ಮಿಗಿಲು. ಭೂಮಂಡಲವನ್ನು ಒಬ್ಬನೇ ಹಾಯಿದೋಣಿಯಲ್ಲಿ ಪ್ರದಕ್ಷಿಣೆ ಮಾಡಿದ ಮೊದಲನೆಯ ಮನುಷ್ಯನು ಇವನು. ಈತನಿಗೆ ಈಜು ಬರುತ್ತಿರಲಿಲ್ಲವೆಂಬುದು ಸ್ವಾರಸ್ಯವಾದ ಸಂಗತಿ.

ಇನ್ನು ದಿನಚರಿಗೆ ಬರೋಣ. ಒಬ್ಬನೇ ಇರುವ ದೋಣಿಯಲ್ಲಿ ಮೊದಲನೆಯ ಪ್ರಶ್ನೆಯೆಂದರೆ ನಿದ್ದೆಯದು. ಮಲಗಿದರೆ ಚುಕ್ಕಾಣಿಯನ್ನು ಹಿಡಿಯುವವರು ಯಾರು? ಇಬ್ಬರು ಮೂವರು ಇದ್ದರೆ ಮೂರು ನಾಲ್ಕು ಗಂಟೆಗಳಿಗೊಮ್ಮೆ ಪಾಳಿ ಬದಲಾಯಿಸಬಹುದು. ಒಬ್ಬನೇ ಆದರೆ ದೋಣಿಯು ತನ್ನ ದಾರಿಯನ್ನು ತಾನೇ ಹಿಡಿದು ನಡೆಯುವಂತೆ ಅದಕ್ಕೆ ಪಾಠ ಹೇಳಬೇಕು. ಹಾಯಿಗಳನ್ನು ಒಂದಕ್ಕೊಂದು ತೂಗುವಂತೆ ಹದವಾಗಿ ಕಟ್ಟಿ, ಚುಕ್ಕಾಣಿಯನ್ನು ತಕ್ಕ ಕೋನದಲ್ಲಿ ಹಗ್ಗದಿಂದ ಬಿಗಿದರೆ, ದೋಣಿಯು ದಾರಿ ತಪ್ಪಲೆಳಸಿದಾಗ ಗಾಳಿಯೇ ಅದನ್ನು ಹಿಂದಕ್ಕೆ ತಿರುಗಿಸುತ್ತದೆ. ಸ್ಪ್ರೇ ಈ ವಿಷಯದಲ್ಲಿ ಅದ್ಭುತವಾದ ದೋಣಿ. ಹಿಂದೂ ಮಹಾಸಾಗರದಲ್ಲಿ ಕೀಲಿಂಗ್ ದ್ವೀಪಗಳಿಗೆ ಹೋಗುವಾಗ ೨,೭೦೦ ಮೈಲಿಗಳ ದಾರಿಯನ್ನು ೨೩ ದಿನಗಳಲ್ಲಿ ಕಳೆದ ಸ್ಲೋಕಮನು, ಆ ಇಪ್ಪತ್ತಮೂರು ದಿನಗಳಲ್ಲಿ ಎಲ್ಲ ಸೇರಿ ಚುಕ್ಕಾಣಿಯನ್ನು ಹಿಡಿದದ್ದು ಮೂರು ಗಂಟೆಗೆ ಮೀರಲಿಲ್ಲವಂತೆ. ಮಿಕ್ಕ ಕಾಲದಲ್ಲಿ ಅಡಿಗೆ ಮಾಡಿದನು, ಬಟ್ಟೆ ಹೊಲಿದನು, ಓದಿದನು.

ಆದರೂ ಒಂಟಿ ನಾವಿಕನ ನಿದ್ದೆಯು ಹಸುಗೂಸಿನ ತಾಯಿಯ ನಿದ್ದೆಯಂತೆ. ದಿಗಂತದಲ್ಲಿ ಕಾಣಿಸಿಕೊಂಡ ದೊಡ್ಡ ಹಡಗು ಇಪ್ಪತ್ತು ನಿಮಿಷಗಳಲ್ಲಿ ತಲೆಯ ಮೇಲೆಯೇ ಬರಬಹುದು. ಆದ್ದರಿಂದ ಹಡಗುಗಳು ಓಡಾಡುವ ಎಡೆಯಲ್ಲಿ ತುಸು ಮಲಗುವುದು, ಎದ್ದು ಸುತ್ತಲೂ ನೋಡುವುದು, ಮತ್ತೆ ಮಲಗುವುದು. ಕ್ರಮೇಣ ಕಿವಿಯು ಎಚ್ಚರವಿದ್ದು ಮೈಯು ನಿದ್ರಿಸುವ ಅಭ್ಯಾಸವಾಗುತ್ತದೆ. ಹಾಯಿಯು ಒಮ್ಮೆ ಪಟಪಟನೆ ಬಡಿದರೆ, ದಿನವೂ ಕೇಳುವ ಹಗ್ಗದ ಕಿರುಗುಟ್ಟು ನಿಂತುಹೋದರೆ, ಒಡನೆಯೇ ಎಚ್ಚರ. ನಮ್ಮ ಹಳ್ಳಿಯ ರೈತನು ಗಾಢನಿದ್ರೆಯಲ್ಲಿಯೂ ಕೊಟ್ಟಿಗೆಯ ಗಂಟೆಯ ಸದ್ದು ಬದಲಾದರೆ ಎದ್ದು ಕುಳಿತುಕೊಳ್ಳುವುದಿಲ್ಲವೆ? ಅದೇ ವಿದ್ಯೆ.

ಬೆಳಗಾದ ಮೇಲೆ ಮೊದಲನೆಯ ಕೆಲಸ ದೋಣಿಯನ್ನೆಲ್ಲ ಒಂದು ಸುತ್ತು ನೋಡುವುದು. ಕಡಲಿನಲ್ಲಿ ಹಾಯಿದೋಣಿಗೆ ದೊಡ್ಡ ಶತ್ರು ಯಾವುದೆಂದು ಕೇಳಿದರೆ ಅನುಭವಿಗಳು ಬಿರುಗಾಳಿಯೆನ್ನುವುದಿಲ್ಲ, ಉಜ್ಜಾಟ ಎನ್ನುತ್ತಾರೆ. ಹಗ್ಗವು ಮರಕ್ಕೆ ಉಜ್ಜುತ್ತದೆ, ಹಾಯಿಯು ಹಗ್ಗಕ್ಕೆ ಉಜ್ಜುತ್ತದೆ. ನಿಮಿಷಕ್ಕೆ ಹತ್ತು ಹದಿನೈದು ಸಾರಿ ದೋಣಿಯು ತೂಗಾಡಿದರೆ ದಿನಕ್ಕೆ ಇಪ್ಪತ್ತು ಸಾವಿರ ಸಾರಿ ಅದೇ ಜಾಗದಲ್ಲಿ ಅದೇ ಉಜ್ಜಾಟ. ಇಂದು ಎಳೆಯೊಂದು ಸವೆದುದನ್ನು ಕಂಡು ಅಲ್ಲಿಗೆ ತೊಗಲಿನ ಚೂರನ್ನು ಸುತ್ತಿದರೆ ಎರಡು ನಿಮಿಷದ ಕೆಲಸ. ನಾಳೆ ನೋಡೋಣವೆಂದು ಬಿಟ್ಟರೆ ನಡುರಾತ್ರಿ ಹಗ್ಗವು ಹರಿದು, ಹಾಯಿಯು ಸೀಳಿ, ನಾಲ್ಕು ದಿನದ ಕೆಲಸ. ಆದ್ದರಿಂದ ಸೂಜಿ ದಾರಗಳು ಅಲ್ಲಿ ಅಲಂಕಾರದ ವಸ್ತುಗಳಲ್ಲ. ಚುಕ್ಕಾಣಿಗೆ ಎಷ್ಟು ಬೆಲೆಯೋ ಅವಕ್ಕೂ ಅಷ್ಟೇ ಬೆಲೆ.

ಆಮೇಲೆ ಉಪಾಹಾರ. ಒಲೆಯನ್ನು ತೊಟ್ಟಿಲಿನಂತೆ ತೂಗುಹಾಕಿರುತ್ತಾರೆ. ದೋಣಿಯು ವಾಲಿದರೂ ಒಲೆಯು ಮಟ್ಟವಾಗಿರುತ್ತದೆ. ಆದರೆ ಅಡಿಗೆ ಮಾಡುವವನು ತೂಗುವುದಿಲ್ಲವಾದ್ದರಿಂದ, ಸೊಂಟಕ್ಕೆ ಪಟ್ಟಿ ಬಿಗಿದು, ಮೊಣಕಾಲನ್ನು ಗೋಡೆಗೆ ಒತ್ತಿ, ಒಂದು ಕೈಯಿಂದ ತನ್ನನ್ನೂ ಇನ್ನೊಂದು ಕೈಯಿಂದ ಪಾತ್ರೆಯನ್ನೂ ಹಿಡಿದುಕೊಂಡಿರಬೇಕು. ಸ್ಲೋಕಮನ ಉಗ್ರಾಣದಲ್ಲಿದ್ದದ್ದು ಉಪ್ಪುಮೀನು, ಆಲೂಗೆಡ್ಡೆ, ಗಟ್ಟಿ ಬಿಸ್ಕತ್ತು, ಕಾಫಿ. ಉಷ್ಣವಲಯದಲ್ಲಿ ಕಡಲೇ ಆತನಿಗೆ ಊಟ ಕಳುಹಿಸುತ್ತಿದ್ದಿತು. ಇರುಳಿನಲ್ಲಿ ಹಾರುವ ಮೀನುಗಳು ಹಾಯಿಗೆ ಬಡಿದು ದೋಣಿಯೊಳಗೆ ಬೀಳುತ್ತಿದ್ದುವು. ಬೆಳಗ್ಗೆ ಎದ್ದು ಹೂ ಆಯುವಂತೆ ಅವನ್ನು ಆಯ್ದುಕೊಳ್ಳುವುದಷ್ಟೇ ಕೆಲಸ. ಡಬ್ಬಿಯ ಆಹಾರವು ಬಂದ ಮೇಲಿನ ನಾವಿಕರಿಗೆ ಬೇರೊಂದು ತೊಡಕು. ಡಬ್ಬಿಗಳ ಮೇಲಣ ಕಾಗದವು ತೇವಕ್ಕೆ ಕಳಚಿ, ನೀರೆತ್ತುವ ಪಂಪಿನ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕಾಗಿ ಹೊರಡುವ ಮೊದಲೇ ಕಾಗದವನ್ನೆಲ್ಲ ಕಿತ್ತು, ಡಬ್ಬಿಗೆ ಬಣ್ಣದಿಂದ ಗುರುತು ಬರೆದಿಡುವುದು ವಾಡಿಕೆ. ಗುರುತು ಅಳಿಸಿತೆಂದರೆ ಅಂದಿನ ಊಟವು ದೈವಾಧೀನ.

ಸುತ್ತಲೂ ನೀರಿದ್ದರೂ ನೀರಿಗೇ ಅಲ್ಲಿ ಬರಗಾಲ. ಒಬ್ಬನಿಗೆ ದಿನಕ್ಕೆ ಅರ್ಧ ಗ್ಯಾಲನ್ ಸಿಹಿನೀರೆಂಬುದು ಹಳೆಯ ಲೆಕ್ಕ. ಕುಡಿಯುವುದಕ್ಕೂ ಅಡಿಗೆಗೂ ಅಷ್ಟೆ. ಸ್ನಾನ, ಪಾತ್ರೆ ಬೆಳಗುವುದು, ಬಟ್ಟೆ ಒಗೆಯುವುದು ಎಲ್ಲವೂ ಉಪ್ಪುನೀರಿನಲ್ಲಿ. ಉಪ್ಪುನೀರಿನಲ್ಲಿ ಒಗೆದ ಬಟ್ಟೆಯು ಎಂದಿಗೂ ಪೂರ್ತಿ ಒಣಗುವುದಿಲ್ಲ. ಅದರಲ್ಲಿ ಉಳಿದ ಉಪ್ಪು ಗಾಳಿಯ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಮಳೆಯ ಮೋಡವೊಂದು ಕಂಡರೆ ಅದೇ ಹಬ್ಬ. ಹಾಯಿಯ ಕೆಳಗೆ ಬಕೆಟ್ಟು ಹಿಡಿದು, ಮೊದಲು ಬಿದ್ದ ಉಪ್ಪುಮಿಶ್ರಿತ ನೀರನ್ನು ಚೆಲ್ಲಿ, ತರುವಾಯ ಬರುವುದನ್ನು ತುಂಬಿಕೊಳ್ಳಬೇಕು. ಅಷ್ಟರಲ್ಲಿಯೇ ಮೈಗೆ ಸೋಪು ಹಚ್ಚಿ ಮುಗಿಸಬೇಕು. ಮೋಡವು ನಡುವೆಯೇ ಸರಿದುಹೋದರೆ ಸೋಪಿನ ಮೈಯಲ್ಲಿಯೇ ಮುಂದಿನ ಮೋಡಕ್ಕಾಗಿ ಕಾಯಬೇಕು!

ನಡುಹಗಲಿನ ಕೆಲಸವು ದಿನದ ಕೆಲಸಗಳಲ್ಲೆಲ್ಲ ಗಂಭೀರವಾದದ್ದು. ತಾನು ಎಲ್ಲಿದ್ದೇನೆಂಬುದನ್ನು ಕಂಡುಕೊಳ್ಳುವುದು. ಇಂದಿನ ದೋಣಿಗಳಲ್ಲಿ ಆಕಾಶದ ಉಪಗ್ರಹಗಳು ಕ್ಷಣಾರ್ಧದಲ್ಲಿ ಈ ಉತ್ತರವನ್ನು ಕೊಡುತ್ತವೆ. ಹಿಂದೆ ಸೂರ್ಯನನ್ನೇ ಕೇಳಬೇಕಾಗಿತ್ತು. ಸೂರ್ಯನು ನೆತ್ತಿಗೆ ಬಂದಾಗ ಸೆಕ್ಸ್‌ಟಂಟ್ ಯಂತ್ರದಿಂದ ದಿಗಂತದ ಮೇಲೆ ಅವನ ಎತ್ತರವನ್ನು ಅಳೆದರೆ ಅಕ್ಷಾಂಶವು ದೊರೆಯುತ್ತದೆ. ರೇಖಾಂಶಕ್ಕೆ ಗಡಿಯಾರವು ಬೇಕು. ಭೂಮಿಯು ಗಂಟೆಗೆ ಹದಿನೈದು ಅಂಶ ತಿರುಗುವುದರಿಂದ, ಗಡಿಯಾರವು ನಾಲ್ಕು ಸೆಕೆಂಡು ತಪ್ಪಿದರೆ ಭೂಮಧ್ಯರೇಖೆಯ ಬಳಿ ದೋಣಿಯು ನಕ್ಷೆಯಲ್ಲಿ ಒಂದು ನಾವಿಕ ಮೈಲಿ ತಪ್ಪುತ್ತದೆ. ಆದ್ದರಿಂದಲೇ ನಾವಿಕರು ಕ್ರಾನೋಮೀಟರನ್ನು ದೇವರ ಪೆಟ್ಟಿಗೆಯಂತೆ ಕಾಪಾಡುತ್ತಿದ್ದರು. ಸ್ಲೋಕಮನಲ್ಲಿಯೂ ಹಳೆಯದೊಂದು ಇದ್ದಿತು. ಅದನ್ನು ಶುದ್ಧಿ ಮಾಡಿ ಹೊಂದಿಸಲು ಹದಿನೈದು ಡಾಲರು ಆಗುವುದೆಂದು ತಿಳಿದು ಮನೆಯಲ್ಲಿಯೇ ಬಿಟ್ಟನು. ದಾರಿಯಲ್ಲಿ ಯಾರ್ಮತ್ ಎಂಬ ಊರಿನಲ್ಲಿ ತಗಡಿನ ಗಡಿಯಾರವೊಂದನ್ನು ಕೊಂಡನು. ಬೆಲೆ ಒಂದೂವರೆ ಡಾಲರು. ಮುಖದ ಗಾಜು ಒಡೆದಿದ್ದುದರಿಂದ ಅಂಗಡಿಯವನು ಒಂದು ಡಾಲರಿಗೆ ಕೊಟ್ಟನು. ಕೆಲವು ಕಾಲದ ಮೇಲೆ ಅದರ ನಿಮಿಷದ ಮುಳ್ಳು ಬಿದ್ದುಹೋಯಿತು. ಗಡಿಯಾರವು ನಿಂತಾಗ ಅದನ್ನು ನೀರಿನಲ್ಲಿ ಕುದಿಸಿ ಮತ್ತೆ ನಡೆಯಿಸಿದನು!

ಇದನ್ನು ಕೇಳಿ ನಗುವುದು ಸುಲಭ. ಆದರೆ ಹಾಸ್ಯದ ಹಿಂದೆ ಎಂತಹ ವಿದ್ಯೆಯಿದ್ದಿತೆಂಬುದನ್ನು ನೋಡಬೇಕು. ಶಾಂತಸಾಗರದಲ್ಲಿ, ನೆಲವನ್ನು ಬಿಟ್ಟ ನಲವತ್ತಮೂರನೆಯ ದಿನ, ಆತನು ಚಂದ್ರನ ಸ್ಥಾನವನ್ನು ಅಳೆದು ಅದರಿಂದ ರೇಖಾಂಶವನ್ನು ಗುಣಿಸುವ ಹಳೆಯ ಕಷ್ಟದ ಕ್ರಮವನ್ನು ಅನುಸರಿಸಿದನು. ಬಂದ ಉತ್ತರವು ತನ್ನ ಅಂದಾಜಿಗಿಂತ ನೂರಾರು ಮೈಲಿ ಬೇರೆಯಾಗಿತ್ತು. ಮತ್ತೆ ಅಳೆದನು, ಮತ್ತೆಯೂ ಹಾಗೆಯೇ. ತನ್ನ ಅಳತೆಯಲ್ಲಿ ತಪ್ಪಿಲ್ಲವೆಂದು ದೃಢವಾದ ಮೇಲೆ, ಅಚ್ಚಾದ ಕೋಷ್ಟಕಗಳನ್ನೇ ಪರೀಕ್ಷಿಸಿ, ಲಾಗರಿತಮ್ ಅಂಕಿಗಳ ಸಾಲಿನಲ್ಲಿದ್ದ ತಪ್ಪೊಂದನ್ನು ಕಂಡುಹಿಡಿದನು. ಅದನ್ನು ತಿದ್ದಿ ಲೆಕ್ಕ ಹಾಕಿದಾಗ ಅಳತೆಯೂ ಅಂದಾಜೂ ಐದು ಮೈಲಿಯ ಅಂತರದಲ್ಲಿ ಕೂಡಿಕೊಂಡುವು. ಪಂಚಾಂಗದ ಗಣಿತವನ್ನು ಬಲ್ಲ ನಮ್ಮ ಹಿರಿಯರು ಈ ಸಂತೋಷವನ್ನು ಅರಿಯಬಲ್ಲರು. ಸಾಕ್ಷಿಯಾಗಿ ಯಾರೂ ಇಲ್ಲದ ಕಡಲಿನ ನಡುವೆ, ತಪ್ಪು ತನ್ನದೋ ಪುಸ್ತಕದ್ದೋ ಎಂದು ನಿಷ್ಪಕ್ಷಪಾತವಾಗಿ ವಿಚಾರಿಸಿದ ಆ ಮನಸ್ಸನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನಮ್ಮ ಬಿನ್ನಹ. ಮುಂದೆ ಅದು ಬೇಕಾಗುತ್ತದೆ.

ಇನ್ನು ಒಂಟಿತನ. ಮೊದಲ ದಿನಗಳಲ್ಲಿ ಅದು ಸ್ಲೋಕಮನನ್ನೂ ಬಾಧಿಸಿತು. ಮಾತನಾಡದೆ ಇದ್ದರೆ ಧ್ವನಿಯೇ ಉಡುಗಿಹೋದೀತೆಂದು, ಇಲ್ಲದ ಆಳುಗಳಿಗೆ ಗಟ್ಟಿಯಾಗಿ ಅಪ್ಪಣೆ ಕೊಡುತ್ತಿದ್ದನು. ಚುಕ್ಕಾಣಿಯ ಬಳಿ ಇಲ್ಲದವನನ್ನು ದೋಣಿಯು ದಾರಿಯಲ್ಲಿದೆಯೇ ಎಂದು ಕೇಳುತ್ತಿದ್ದನು. ಉತ್ತರವು ಬಾರದೆ ಮನಸ್ಸು ಇನ್ನಷ್ಟು ಖಿನ್ನವಾಗುತ್ತಿದ್ದಿತು. ಆಮೇಲೆ ಹಾಡತೊಡಗಿದನು. ಅಜೋರ್ಸ್ ದ್ವೀಪಗಳಲ್ಲಿ ಜನರು ಕೊಟ್ಟ ಪ್ಲಮ್ ಹಣ್ಣುಗಳನ್ನೂ ಬಿಳಿಯ ಗಿಣ್ಣನ್ನೂ ಯಥೇಚ್ಛವಾಗಿ ತಿಂದು, ಹೊಟ್ಟೆನೋವು ಬಂದು ಪ್ರಜ್ಞೆ ತಪ್ಪಿ ಬಿದ್ದ ಒಂದು ರಾತ್ರಿ, ಕೊಲಂಬಸನ ‘ಪಿಂಟಾ’ ಹಡಗಿನ ಚುಕ್ಕಾಣಿಗನು ತನ್ನ ದೋಣಿಯನ್ನು ನಡೆಸುತ್ತಿರುವುದಾಗಿ ಕಂಡನು. ಬೆಳಗ್ಗೆ ನೋಡಿದರೆ ಸ್ಪ್ರೇ ತೊಂಬತ್ತು ಮೈಲಿಗಳನ್ನು ದಾರಿ ತಪ್ಪದೆ ನಡೆದಿತ್ತು. ಜ್ವರದ ಭ್ರಮೆಯೆಂದು ಅದನ್ನು ತಳ್ಳಿಹಾಕಬಹುದು. ಆದರೆ ಆತನು ಆ ಅತಿಥಿಗೆ ಕೃತಜ್ಞನಾಗಿಯೇ ಇದ್ದನು. ಹಣ್ಣುಗಳನ್ನು ಮಾತ್ರ ಕಡಲಿಗೆ ಚೆಲ್ಲಿಬಿಟ್ಟನು. ಸೇಂಟ್ ಹೆಲೀನಾ ದ್ವೀಪದಲ್ಲಿ ಜೊತೆಗಾಗಿ ಒಂದು ಮೇಕೆಯನ್ನು ಪಡೆದದ್ದೂ ಉಂಟು. ಆ ಮೇಕೆಯು ವೆಸ್ಟ್ ಇಂಡೀಸಿನ ನಕ್ಷೆಯನ್ನೂ ಹುಲ್ಲಿನ ಟೊಪ್ಪಿಗೆಯನ್ನೂ ತಿಂದುಹಾಕಿತು. ಮುಂದಿನ ದ್ವೀಪದಲ್ಲಿ ಅದನ್ನು ಇಳಿಸಿ, ಒಂಟಿತನವೇ ಲೇಸೆಂದು ಮುಂದೆ ನಡೆದನು.

ದಿನದ ಕೊನೆಯ ಕೆಲಸವೇ ದಿನವಹಿ. ನಾವಿಕರು ಇದನ್ನು ಲಾಗ್ ಪುಸ್ತಕವೆನ್ನುತ್ತಾರೆ. ಇಂದಿನ ಗಾಳಿಯ ದಿಕ್ಕು, ಕ್ರಮಿಸಿದ ಮೈಲಿ, ನಡುಹಗಲಿನ ಅಕ್ಷಾಂಶ ರೇಖಾಂಶ, ಹರಿದದ್ದು, ಹೊಲಿದದ್ದು, ಉಳಿದ ನೀರು, ಇವಿಷ್ಟೇ ಅದರಲ್ಲಿರುವುದು. ಕಾವ್ಯವಿಲ್ಲ. ಆದರೆ ನಾಳಿನ ದಾರಿಯೆಲ್ಲವೂ ಇಂದಿನ ಈ ನಾಲ್ಕು ಸಾಲುಗಳ ಮೇಲೆ ನಿಂತಿದೆ. ಎಲ್ಲಿದ್ದೇನೆಂಬುದು ತಪ್ಪಾದರೆ ಎಲ್ಲಿಗೆ ಹೋಗಬೇಕೆಂಬುದೂ ತಪ್ಪಾಗುತ್ತದೆ. ಈ ಮಾತಿನ ಬೆಲೆಯನ್ನು ತಿಳಿಯಲು ನಾವು ಸ್ಲೋಕಮನನ್ನು ಬಿಟ್ಟು ಎಪ್ಪತ್ತು ವರ್ಷ ಮುಂದಕ್ಕೆ ಬರಬೇಕು.

೧೯೬೮ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದು ಪಂದ್ಯವೊಂದನ್ನು ಸಾರಿತು. ಒಬ್ಬಂಟಿಯಾಗಿ, ಯಾವ ಬಂದರಿನಲ್ಲಿಯೂ ನಿಲ್ಲದೆ, ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಮಾಡಬೇಕು. ಒಂಬತ್ತು ಮಂದಿ ಹೊರಟರು. ಅವರಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ಇಪ್ಪತ್ತೊಂಬತ್ತರ ತರುಣನ ದೋಣಿಯು ನಮ್ಮ ದೇಶದ್ದೆಂದು ಹೇಳಿಕೊಳ್ಳಲು ನಮಗೆ ಸಂತೋಷ. ‘ಸುಹೈಲಿ’ ಎಂಬ ಆ ಮೂವತ್ತೆರಡು ಅಡಿಯ ದೋಣಿಯನ್ನು ತೇಗದ ಮರದಿಂದ ಕಟ್ಟಿದವರು ಬೊಂಬಾಯಿಯ ಬಡಗಿಗಳು. ಬಾಚಿ, ಕೈಬೈರಿಗೆಗಳೇ ಅವರ ಸಲಕರಣೆ. ಇದು ಪಂದ್ಯದ ದೋಣಿಯಲ್ಲ, ನಿಧಾನದ ದೋಣಿ. ಹೊರಟ ಕೆಲವೇ ವಾರಗಳಲ್ಲಿ ನೀರಿನ ಮಟ್ಟದ ಕೆಳಗೆ ಹಲಗೆಗಳ ಸಂದಿನಿಂದ ನೀರು ಜಿನುಗತೊಡಗಿತು. ಆತನು ಕಡಲಿಗೆ ಇಳಿದು, ಉಸಿರು ಬಿಗಿಹಿಡಿದು ಮುಳುಗಿ ಮುಳುಗಿ, ಸಂದಿಗೆ ಹತ್ತಿಯನ್ನು ಹೆಟ್ಟಿ, ಮೇಲೆ ತಾಮ್ರದ ಪಟ್ಟಿಯನ್ನು ಹೊಡೆದನು. ನಡುವೆ ಸುತ್ತತೊಡಗಿದ ಷಾರ್ಕ್ ಮೀನೊಂದನ್ನು ದೋಣಿಯೇರಿ ಗುಂಡಿಕ್ಕಿ ಕೊಂದು, ಮತ್ತೆ ನೀರಿಗಿಳಿದನು. ದಕ್ಷಿಣ ಸಾಗರದಲ್ಲಿ ಕುಡಿಯುವ ನೀರು ಕೆಟ್ಟುಹೋದಾಗ ಹಾಯಿಯಿಂದಿಳಿದ ಮಳೆನೀರನ್ನು ಹಿಡಿದನು. ತಾನಾಗಿ ಚುಕ್ಕಾಣಿ ನಡೆಸುವ ಯಂತ್ರವು ಮುರಿದಾಗ, ಸ್ಲೋಕಮನಂತೆ ಹಾಯಿಗಳನ್ನೇ ತೂಗಿಸಿ ನಡೆಸಿದನು. ರೇಡಿಯೋ ಕೆಟ್ಟು ನಾಲ್ಕು ತಿಂಗಳಿಗೂ ಮಿಗಿಲಾಗಿ ಆತನ ಸುದ್ದಿಯು ಯಾರಿಗೂ ತಲಪಲಿಲ್ಲ. ಆತನು ದಿನದ ಕೆಲಸವನ್ನು ದಿನವೂ ಮಾಡುತ್ತಾ, ದಿನವಹಿಯನ್ನು ಬರೆಯುತ್ತಾ, ೩೧೨ ದಿನಗಳ ಮೇಲೆ, ೧೯೬೯ರ ಏಪ್ರಿಲ್ ೨೨ರಂದು ಫಾಲ್ಮತ್ ಬಂದರಿಗೆ ಬಂದನು. ಸುಂಕದ ಅಧಿಕಾರಿಗಳು ಪದ್ಧತಿಯಂತೆ, ಯಾವ ಬಂದರಿನಿಂದ ಬಂದಿರಿ, ಎಂದು ಕೇಳಿದರು. ಫಾಲ್ಮತ್ತಿನಿಂದ, ಎಂದನು.

ಅದೇ ಪಂದ್ಯದಲ್ಲಿ ಡೊನಾಲ್ಡ್ ಕ್ರೋಹರ್ಸ್ಟ್ ಎಂಬ ಇನ್ನೊಬ್ಬನಿದ್ದನು. ಬುದ್ಧಿವಂತ, ನಾವಿಕರಿಗೆ ಬೇಕಾಗುವ ವಿದ್ಯುತ್ ಉಪಕರಣವನ್ನು ತಾನೇ ಕಂಡುಹಿಡಿದವನು, ಹೆಂಡತಿ ಮತ್ತು ನಾಲ್ವರು ಮಕ್ಕಳ ಸಂಸಾರಿ. ವ್ಯಾಪಾರವು ಕುಸಿಯುತ್ತಿದ್ದುದರಿಂದ ಈ ಪಂದ್ಯದ ಮೇಲೆಯೇ ಎಲ್ಲವನ್ನೂ ಒಡ್ಡಿದ್ದನು. ಮೂರು ಒಡಲುಗಳ ಆತನ ದೋಣಿಯು ಇನ್ನೂ ಸಿದ್ಧವಾಗದಿದ್ದರೂ, ಪಂದ್ಯದ ಗಡುವಿನ ಕೊನೆಯ ದಿನವಾದ ೧೯೬೮ರ ಅಕ್ಟೋಬರ್ ೩೧ರಂದು ಹೊರಟನು. ಕೆಲವೇ ದಿನಗಳಲ್ಲಿ ನೀರು ಸೋರತೊಡಗಿತು. ದಕ್ಷಿಣ ಸಾಗರಕ್ಕೆ ಹೋದರೆ ದೋಣಿಯು ಉಳಿಯದೆಂದು ಆತನಿಗೆ ತಿಳಿದಿತ್ತು. ಹಿಂದಿರುಗಿದರೆ ಮನೆಯು ಉಳಿಯದೆಂದೂ ತಿಳಿದಿತ್ತು. ಡಿಸೆಂಬರಿನಲ್ಲಿ ಒಂದು ದಿನ, ನಡೆಯದ ದಾರಿಯನ್ನು ನಡೆದೆನೆಂದು ಲೆಕ್ಕ ಹಾಕಿ ಬರೆದನು. ಅಂದಿನಿಂದ ಆತನಿಗೆ ಎರಡು ದಿನಚರಿಗಳಾದುವು: ತಾನಿದ್ದ ಅಟ್ಲಾಂಟಿಕಿನದೊಂದು, ಲೋಕಕ್ಕೆ ಹೇಳಿದ ಸುಳ್ಳು ದಾರಿಯದೊಂದು.

ಇದು ಸುಲಭದ ಕೆಲಸವೆಂದು ಯಾರೂ ತಿಳಿಯಬಾರದು. ಕಾಣದ ಸೂರ್ಯನ ಎತ್ತರವನ್ನು ಹಿಂದುಮುಂದಾಗಿ ಗುಣಿಸಿ ಬರೆಯುವುದು ಕಂಡ ಸೂರ್ಯನನ್ನು ಅಳೆಯುವುದಕ್ಕಿಂತ ಎಷ್ಟೋ ಕಷ್ಟ. ಆತನ ಯೋಚನೆಯೂ ದುಷ್ಟನ ಯೋಚನೆಯಲ್ಲ. ಇತರರು ಭೂಮಿಯನ್ನು ಸುತ್ತಿ ಬರುವವರೆಗೆ ಮೂಲೆಯಲ್ಲಿ ಕಾದಿದ್ದು, ಅವರ ಹಿಂದೆ ಕೊನೆಯವನಾಗಿ ಬಂದರೆ ತನ್ನ ಪುಸ್ತಕವನ್ನು ಯಾರೂ ಪರೀಕ್ಷಿಸರೆಂದು ಆತನ ಎಣಿಕೆಯಿದ್ದಂತೆ ತೋರುತ್ತದೆ. ಆದರೆ ಸುಳ್ಳಿನ ಮೈಲಿಗಳು ಬೇರೊಬ್ಬನ ಮೇಲೆ ಹೊರೆಯಾದುವು. ನೈಜಲ್ ಟೆಟ್ಲಿ ಎಂಬ ಸ್ಪರ್ಧಿಯು, ಕ್ರೋಹರ್ಸ್ಟನು ಬೆನ್ನಟ್ಟಿ ಬರುತ್ತಿರುವನೆಂದು ನಂಬಿ, ಜರ್ಜರಿತವಾದ ತನ್ನ ದೋಣಿಯನ್ನು ವೇಗವಾಗಿ ನಡೆಸಿದನು. ೧೯೬೯ರ ಮೇ ೨೧ರಂದು, ಇಂಗ್ಲೆಂಡನ್ನು ಸಮೀಪಿಸುತ್ತಿದ್ದಾಗ, ಅದು ಮುಳುಗಿತು. ಟೆಟ್ಲಿಯ ಪ್ರಾಣವು ಮಾತ್ರ ಉಳಿಯಿತು. ಈಗ ವೇಗದ ಬಹುಮಾನಕ್ಕೆ ಉಳಿದವನು ಕ್ರೋಹರ್ಸ್ಟನೇ. ಜಯವು ಎದುರಿಗೆ ಬಂದು ನಿಂತಿತು, ಜಯದೊಡನೆ ಪರೀಕ್ಷಕರೂ. ಜೂನ್ ತಿಂಗಳ ಕೊನೆಯ ದಿನಗಳಲ್ಲಿ ಆತನು ದೋಣಿ ನಡೆಸುವುದನ್ನೇ ಬಿಟ್ಟು, ಕಾಲ, ಗಣಿತ, ದೈವ ಎಂದು ಸಾವಿರಾರು ಶಬ್ದಗಳನ್ನು ಬರೆದನು. ಬರೆಹವು ಜುಲೈ ೧ರಂದು ನಿಂತಿತು. ಜುಲೈ ೧೦ರಂದು ಅಂಚೆಯ ಹಡಗೊಂದಕ್ಕೆ ಆತನ ದೋಣಿಯು ಸಿಕ್ಕಿತು. ಒಳಗೆ ಯಾರೂ ಇರಲಿಲ್ಲ. ದಿನವಹಿಗಳು ಇದ್ದುವು. ಸತ್ಯವು ಲೋಕಕ್ಕೆ ತಿಳಿದದ್ದು ಅವುಗಳಿಂದಲೇ. ನಾಕ್ಸ್-ಜಾನ್‌ಸ್ಟನನು ತನಗೆ ಬಂದ ಐದು ಸಾವಿರ ಪೌಂಡುಗಳ ಬಹುಮಾನವನ್ನು ಕ್ರೋಹರ್ಸ್ಟನ ಕುಟುಂಬಕ್ಕೆ ಕೊಟ್ಟುಬಿಟ್ಟನು. ಕಡಲಿನ ಒಂಟಿತನವನ್ನು ತಾನೂ ಉಂಡವನಾದ್ದರಿಂದ, ಸೋತವನನ್ನು ದೂಷಿಸುವ ಮನಸ್ಸು ಆತನಿಗೆ ಬರಲಿಲ್ಲವೆಂದು ತೋರುತ್ತದೆ.

ನಮಗೂ ಆ ಮನಸ್ಸು ಬರುವುದಿಲ್ಲ. ಏತಕ್ಕೆಂದರೆ ನಾವು ಅಧ್ಯಾಪಕರು. ಎಷ್ಟು ಪಾಠವಾಯಿತೆಂದು ವಾರವಾರವೂ ಬರೆದಿಡುವ ಪುಸ್ತಕವೊಂದು ನಮಗೂ ಉಂಟು. ಹಿಂದೆ ಒಂದು ವರ್ಷ ಕಾಯಿಲೆಯಿಂದ ಹಿಂದೆಬಿದ್ದು, ನಾಟಕವೊಂದರ ಐದನೆಯ ಅಂಕವನ್ನು ಮುಗಿಸದೆಯೇ ಮುಗಿಯಿತೆಂದು ಬರೆದೆವು. ಬರುವ ವಾರ ಸರಿಮಾಡಿಕೊಂಡರಾಯಿತೆಂದುಕೊಂಡೆವು. ಬರುವ ವಾರದಲ್ಲಿ, ಬರೆದದ್ದಕ್ಕೆ ಹೊಂದುವಂತೆ, ಮುಂದಿನ ಪುಸ್ತಕವನ್ನು ಆರಂಭಿಸಬೇಕಾಯಿತು. ಪರೀಕ್ಷೆಯಲ್ಲಿ ಐದನೆಯ ಅಂಕದ ಪ್ರಶ್ನೆಯೇ ಬಂದಿತು. ಹುಡುಗರು ನಮ್ಮನ್ನು ಏನೂ ಕೇಳಲಿಲ್ಲ. ದಾರಿಯಲ್ಲಿ ಕಂಡಾಗ ಎಂದಿನಂತೆಯೇ ಕೈ ಮುಗಿದರು. ಆ ಮೌನವು ಇನ್ನೂ ನಮ್ಮ ಕಿವಿಯಲ್ಲಿದೆ. ನಮ್ಮದು ನೆಲವಾದ್ದರಿಂದ ಮುಳುಗಲಿಲ್ಲ, ಅಷ್ಟೆ. ಕ್ರೋಹರ್ಸ್ಟನಿಗೂ ನಮಗೂ ಇದ್ದ ವ್ಯತ್ಯಾಸವು ಸ್ವಭಾವದ್ದಲ್ಲ, ನೀರಿನ ಆಳದ್ದು.

ಇಂತಹ ದಿನವಹಿಗಳನ್ನು ನಮ್ಮ ದೇಶದವರೂ ಈಗ ಬರೆದಿದ್ದಾರೆ. ಗೋವೆಯಲ್ಲಿ ಕಟ್ಟಿದ ನೌಕಾಪಡೆಯ ‘ಮ್ಹಾದೇಯಿ’ ಎಂಬ ಹಾಯಿದೋಣಿಯಲ್ಲಿ ದಿಲೀಪ್ ದೋಂದೆಯವರು ೨೦೦೯-೧೦ರಲ್ಲಿ ಒಬ್ಬರೇ ಭೂಪ್ರದಕ್ಷಿಣೆ ಮಾಡಿದರು. ಅದೇ ದೋಣಿಯಲ್ಲಿ ೨೦೧೨-೧೩ರಲ್ಲಿ ಅಭಿಲಾಷ್ ಟೋಮಿಯವರು ಎಲ್ಲಿಯೂ ನಿಲ್ಲದೆ ಸುತ್ತಿ ಬಂದರು. ಆ ದೋಣಿಯ ಹೆಸರು ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡುಗಳಲ್ಲಿ ಹುಟ್ಟಿ ಗೋವೆಯಲ್ಲಿ ಕಡಲನ್ನು ಸೇರುವ ಮಹದಾಯಿ ನದಿಯದು. ೨೦೧೭ರ ಸೆಪ್ಟೆಂಬರಿನಲ್ಲಿ ವರ್ತಿಕಾ ಜೋಶಿಯವರ ನಾಯಕತ್ವದಲ್ಲಿ ಆರು ಮಂದಿ ಮಹಿಳೆಯರು ‘ತಾರಿಣಿ’ ಎಂಬ ಐವತ್ತೈದು ಅಡಿಯ ದೋಣಿಯಲ್ಲಿ ಗೋವೆಯಿಂದ ಹೊರಟು, ೨೫೪ ದಿನಗಳ ಮೇಲೆ ಹಿಂದಿರುಗಿದರು. ಮನೆಯ ಸಮೀಪದಲ್ಲಿಯೇ, ಹಿಂದೂ ಮಹಾಸಾಗರದಲ್ಲಿ, ಅವರ ಚುಕ್ಕಾಣಿಯ ಯಂತ್ರವ್ಯವಸ್ಥೆಯು ಕೆಟ್ಟಿತು. ಅವರು ಮಾರಿಷಸ್ಸಿನಲ್ಲಿ ನಿಂತು, ಸರಿಪಡಿಸಿಕೊಂಡು ಬಂದರು. ಹೀಗಾಯಿತೆಂದು ಹೇಳಿಯೇ ಬಂದರು. ಅವರ ಕೀರ್ತಿಗೆ ಅದರಿಂದ ಎಳ್ಳಷ್ಟೂ ಊನವಾಗಲಿಲ್ಲ.

ಸ್ಲೋಕಮನ ಮಾತಿಗೆ ಮರಳಿ ಮುಗಿಸೋಣ. ೧೮೯೮ರ ಜುಲೈ ೩ರಂದು ಆತನು ಸ್ಪ್ರೇಯನ್ನು ಮತ್ತೆ ಫೇರ್‌ಹೇವನ್ ಊರಿಗೆ ಕೊಂಡೊಯ್ದು, ಮೊದಲ ಬಾರಿ ನೀರಿಗಿಳಿಸಿದಾಗ ಕಟ್ಟಿದ್ದ ಅದೇ ದೇವದಾರು ಗೂಟಕ್ಕೆ ಕಟ್ಟಿದನು. ದೋಣಿಯು ನಲವತ್ತಾರು ಸಾವಿರ ಮೈಲಿ ನಡೆದು ಹೊರಟ ಗೂಟಕ್ಕೇ ಬಂದಿತ್ತು. ಕೆಲವು ವರ್ಷಗಳ ತರುವಾಯ ಅದೇ ದೋಣಿಯಲ್ಲಿ ಮತ್ತೊಮ್ಮೆ ಹೊರಟವನು ಹಿಂದಿರುಗಲಿಲ್ಲ. ಎಲ್ಲಿ, ಹೇಗೆ ಎಂಬುದು ಯಾರಿಗೂ ತಿಳಿಯದು. ಕಡಲು ಎಲ್ಲರ ಲೆಕ್ಕವನ್ನೂ ಒಂದೇ ಬಗೆಯಾಗಿ ತೀರಿಸುವುದಿಲ್ಲ. ಆದರೆ ಆತನು ಬರೆದಿಟ್ಟ ದಿನಗಳು ನಮ್ಮಲ್ಲಿವೆ: ಇಂದು ಇಷ್ಟು ಮೈಲಿ, ಇಂತಹ ಗಾಳಿ, ಹರಿದ ಹಾಯಿಯನ್ನು ಹೊಲಿದೆನು, ಗಡಿಯಾರವನ್ನು ಕುದಿಸಿದೆನು ಎಂಬಂತಹ ಸಣ್ಣ ಸಣ್ಣ ದಿನಗಳು.

ಶ್ರೋತೃಗಳೇ, ಹೊತ್ತಾಯಿತು. ಈ ರಾತ್ರಿಯೂ ಎಲ್ಲಿಯೋ ಒಂದು ಸಣ್ಣ ದೋಣಿಯಲ್ಲಿ, ತೂಗಾಡುವ ದೀಪದ ಕೆಳಗೆ, ಯಾರೋ ಒಬ್ಬರು ಇಂದಿನ ನಾಲ್ಕು ಸಾಲುಗಳನ್ನು ಬರೆಯುತ್ತಿರಬಹುದು. ಅವರಿಗೆ ಗಾಳಿಯು ಅನುಕೂಲವಾಗಲಿ. ನಮ್ಮ ನಮ್ಮ ಪುಸ್ತಕಗಳನ್ನು ನಾವೂ ತೆರೆಯೋಣ.